ಉಕ್ಕಿನ ಮೈ, ಸಣಕಲು ಕಾಲು: ಭೂಕಂಪ ಬಂದರೆ ಫ್ಯೂಷನ್ ಮ್ಯಾಗ್ನೆಟ್‌ಗಳ ಗತಿ ಏನು?

ಮೊದಲು ಒಂದು ಸಣ್ಣ ಲೆಕ್ಕ. ಫ್ರಾನ್ಸಿನ ದಕ್ಷಿಣದಲ್ಲಿ, ಕಾದರಾಶ್ ಅನ್ನೋ ಕಡೆ ಈಟರ್ ಎಂಬ ಫ್ಯೂಷನ್ ಯಂತ್ರ (ಸೂರ್ಯನೊಳಗೆ ಆಗುವ ಹಾಗೆ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯೋ ಯಂತ್ರ) ಕಟ್ಟುತ್ತಿದ್ದಾರಲ್ಲ, ಅದರೊಳಗೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ 18 ಮ್ಯಾಗ್ನೆಟ್ ಕಾಯಿಲ್‌ಗಳು ವೃತ್ತಾಕಾರದಲ್ಲಿ ನಿಲ್ಲುತ್ತವೆ. ಒಂದೊಂದೂ 17 ಮೀಟರ್ ಎತ್ತರ, 9 ಮೀಟರ್ ಅಗಲ, ತೂಕ 300 ಟನ್ನಿಗೂ ಜಾಸ್ತಿ. ಕರೆಂಟ್ ಹರಿಸಿದಾಗ ಇವುಗಳಲ್ಲಿ ಪ್ರತಿಯೊಂದನ್ನೂ ವೃತ್ತದ ಮಧ್ಯಕ್ಕೆ ಎಳೆಯುವ ಬಲ ಸುಮಾರು 40,000 ಟನ್. ಈಗ ಭೂಕಂಪದ ಕಡೆ ಬನ್ನಿ. ಆ ಜಾಗಕ್ಕೆ ಲೆಕ್ಕ ಹಾಕಿಟ್ಟಿರೋ ಜೋರಾದ ಭೂಕಂಪದಲ್ಲಿ ನೆಲದ ವೇಗೋತ್ಕರ್ಷ ಗುರುತ್ವದ ಸುಮಾರು 0.3 ಪಟ್ಟು. ಅಂದರೆ 300 ಟನ್ನಿನ ಕಾಯಿಲ್ ಮೇಲೆ ಬೀಳೋದು ಹೆಚ್ಚುಕಡಿಮೆ 100 ಟನ್ನಿನ ತಳ್ಳು.

40,000 ಟನ್ ತಡೆದುಕೊಳ್ಳೋ ಮೈಗೆ 100 ಟನ್ ಯಾವ ಲೆಕ್ಕ? ಭೂಕಂಪ ಬಂದರೆ ಸೊಳ್ಳೆ ಕಚ್ಚಿದ ಹಾಗೆ ಆಗಬೇಕು, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಮ್ಯಾಗ್ನೆಟ್ ವಿನ್ಯಾಸ ಮಾಡುವವರ ಜೊತೆ ಈ ಮಾತು ಎತ್ತಿದರೆ ಅವರು ಕೈ ತೋರಿಸೋದು ಕಾಯಿಲ್ ಕಡೆಗಲ್ಲ, ಅದರ ಕಾಲಿನ ಕಡೆಗೆ. ಈ ಲೇಖನದ ತುಂಬಾ ನಾನು ಹೇಳಹೊರಟಿರೋದೂ ಆ ಕಾಲಿನ ಕಥೆಯನ್ನೇ.

ಆ 40,000 ಟನ್ ಬಲ ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ನೋಡಿ. 18 ಜನ ವೃತ್ತದಲ್ಲಿ ನಿಂತು, ಎಲ್ಲರೂ ಒಳಗಡೆಗೆ ಬಾಗಿ, ಭುಜಕ್ಕೆ ಭುಜ ಒತ್ತಿ ನಿಂತಿದ್ದಾರೆ ಅಂದುಕೊಳ್ಳಿ. ಎಷ್ಟೇ ಜೋರಾಗಿ ಒತ್ತಿದರೂ ಎದುರಿನವನ ಒತ್ತಡ ಇವನದನ್ನು ಕಳೆದುಬಿಡುತ್ತದೆ. ಕಮಾನಿನ ಕಲ್ಲುಗಳು ಒಂದಕ್ಕೊಂದು ಒರಗಿ ನಿಲ್ಲುವ ಹಾಗೆ ಕಾಯಿಲ್‌ಗಳ ಒಳಬದಿಯ ನೇರ ಭಾಗ ಬೆಣೆಯಂತೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಕಂಬವಾಗುತ್ತದೆ. ನೆಲಕ್ಕೆ ಇದರ ಸುದ್ದಿಯೇ ಇಲ್ಲ. ಎಲ್ಲಾ ಬಲ ಒಳಗೊಳಗೇ ತೀರಿಹೋಗುತ್ತದೆ.

ಭೂಕಂಪ ಹಾಗಲ್ಲ. ಅದು ಕಾಲಕೆಳಗಿನ ಜಮಖಾನ ಎಳೆದ ಹಾಗೆ. 18 ಕಾಯಿಲ್‌ಗಳೂ ಒಟ್ಟಿಗೆ ಒಂದೇ ದಿಕ್ಕಿಗೆ ವಾಲುತ್ತವೆ, ಎದುರಿನಿಂದ ಕಳೆಯೋಕೆ ಯಾರೂ ಇಲ್ಲ. ಬಲ ಪೂರ್ತಿಯಾಗಿ ಕಾಲಿನ ಮೂಲಕವೇ ನೆಲಕ್ಕೆ ಇಳಿಯಬೇಕು. ಅದೂ ಈ 18 ಕಾಯಿಲ್‌ಗಳದ್ದು ಮಾತ್ರ ಅಲ್ಲ. ಮಧ್ಯದ 13 ಮೀಟರ್ ಎತ್ತರದ, 1,000 ಟನ್ ತೂಕದ ಸೊಲೆನಾಯ್ಡ್ ಎಂಬ ಕಂಬದಾಕಾರದ ಕಾಯಿಲ್, ಸುತ್ತ ಬಳೆಯ ಹಾಗೆ ಇರುವ ಆರು ದೊಡ್ಡ ಕಾಯಿಲ್‌ಗಳು, ಎಲ್ಲವೂ ಈ ಡಿ ಕಾಯಿಲ್‌ಗಳಿಗೇ ಜೋತುಬಿದ್ದಿವೆ. ಒಟ್ಟು ಮ್ಯಾಗ್ನೆಟ್ ತೂಕ ಸುಮಾರು 10,000 ಟನ್. ಕಾಲುಗಳು 18. ಸುಮ್ನೆ ನಿಂತಿದ್ದಾಗಲೇ ಒಂದೊಂದು ಕಾಲಿನ ಮೇಲೆ 550 ಟನ್ನಿನಷ್ಟು ಭಾರ ಇರುತ್ತದೆ. ಮೇಲಿಂದ ಭೂಕಂಪ.

ಸರಿ, ಹಾಗಾದರೆ ಕಾಲನ್ನು ದಪ್ಪ ಮಾಡಿದರೆ ಆಯ್ತಲ್ಲ?

ಇಲ್ಲೇ ಇರೋದು ತಾಪತ್ರಯ. ಈ ಮ್ಯಾಗ್ನೆಟ್‌ಗಳು ಸೂಪರ್‌ಕಂಡಕ್ಟರ್, ಅಂದರೆ ಕರೆಂಟ್ ಹರಿಯೋಕೆ ತಡೆಯೇ ಇಲ್ಲದ ತಂತಿಯವು. ಅವು ಕೆಲಸ ಮಾಡಬೇಕಾದರೆ ಸುಮಾರು 4.5 ಕೆಲ್ವಿನ್, ಅಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿ ಬೇಕು, ಹೀಲಿಯಂ ಹರಿಸಿ ಅದನ್ನು ಕಾಪಾಡುತ್ತಾರೆ. ಕಾಲಿನ ತುದಿ ಆ ಚಳಿಯಲ್ಲಿದೆ, ಬುಡ ಮಾತ್ರ ನಮ್ಮ ಕೋಣೆಯ ಶಾಖದಲ್ಲಿದೆ. ಉಕ್ಕಿನ ಕಾಲು ಅಂದರೆ ಶಾಖಕ್ಕೆ ನೇರ ರಸ್ತೆ. ಇನ್ನು 4.5 ಕೆಲ್ವಿನ್‌ನಲ್ಲಿ ಒಳಬಂದ ಒಂದೇ ಒಂದು ವ್ಯಾಟ್ ಶಾಖವನ್ನು ಹೊರಹಾಕೋಕೆ ಫ್ರಿಜ್‌ಗೆ 250ರಿಂದ 300 ವ್ಯಾಟ್ ಕರೆಂಟ್ ಬೇಕು. ಸಿದ್ಧಾಂತದ ಪ್ರಕಾರ ಎಷ್ಟೇ ಒಳ್ಳೆ ಯಂತ್ರ ಮಾಡಿದರೂ 66 ವ್ಯಾಟ್‌ಗಿಂತ ಕಡಿಮೆಗೆ ಆಗಲ್ಲ, ನಿಜವಾದ ಯಂತ್ರಗಳು ಅದರ ಹತ್ತಿರವೂ ಬರಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಕಲ್ಪನೆಯ ಕಾಲು ಅಂತಲೇ ಇಟ್ಟುಕೊಳ್ಳಿ: 2 ಮೀಟರ್ ಎತ್ತರ, ಒಂದು ಚದರ ಮೀಟರ್ ದಪ್ಪದ ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್. ಅದರ ಮೂಲಕ ಮೇಲಕ್ಕೆ ಹರಿಯೋ ಶಾಖ ಸುಮಾರು 1,500 ವ್ಯಾಟ್. ಅದನ್ನು ಹೊರಹಾಕೋಕೆ ಹತ್ತಿರ ಹತ್ತಿರ 400 ಕಿಲೋವ್ಯಾಟ್ ಕರೆಂಟ್, ಹಗಲೂ ರಾತ್ರಿ, ಒಂದು ಕಾಲಿಗೆ. ಹದಿನೆಂಟು ಕಾಲಿಗೆ ನೀವೇ ಗುಣಿಸಿಕೊಳ್ಳಿ. ಕರೆಂಟ್ ಹುಟ್ಟಿಸೋಕೆ ಅಂತ ಕಟ್ಟುವ ಯಂತ್ರ ಬರೀ ನಿಂತುಕೊಳ್ಳೋಕೆ ಇಷ್ಟು ತಿಂದರೆ ಆ ಯೋಜನೆಗೆ ಅರ್ಥವೇ ಇರಲ್ಲ.

ಇದಕ್ಕೊಂದು ಉಪಾಯ ಇದೆ, ಈಟರ್ ಕಾಲಿನಲ್ಲೂ ಅದನ್ನೇ ಮಾಡಿದ್ದಾರೆ. ಕಾಲಿನ ನಡುಭಾಗಕ್ಕೆ 80 ಕೆಲ್ವಿನ್‌ನ ತಂಪು ಕೊಳವೆ ಹಾಯಿಸೋದು. ಕೆಳಗಿಂದ ಬರೋ ಶಾಖದ ಬಹುಪಾಲು ಅಲ್ಲೇ ಸುಂಕದ ಕಟ್ಟೆಯಲ್ಲಿ ನಿಂತುಬಿಡುತ್ತದೆ. 80 ಕೆಲ್ವಿನ್‌ನಲ್ಲಿ ಶಾಖ ತೆಗೆಯೋದು ಬಹಳ ಅಗ್ಗ, ಒಂದು ವ್ಯಾಟ್‌ಗೆ ಹತ್ತು ವ್ಯಾಟ್ ಆಸುಪಾಸು ಸಾಕು. ನನ್ನ ಕಲ್ಪನೆಯ ಕಾಲಿಗೆ ಹೀಗೆ ಮಾಡಿದರೆ 4.5 ಕೆಲ್ವಿನ್ ತುದಿಗೆ ಮುಟ್ಟೋ ಶಾಖ 1,500ರಿಂದ 350 ವ್ಯಾಟ್‌ಗೆ ಇಳಿಯುತ್ತದೆ. ಆದರೂ ಅದೇನು ಕಡಿಮೆಯಲ್ಲ. ಕಾಲು ತೆಳ್ಳಗೂ ಉದ್ದಕ್ಕೂ ಇದ್ದಷ್ಟೂ ಒಳ್ಳೇದು ಅನ್ನೋ ಮಾತು ಮಾತ್ರ ಬದಲಾಗಲ್ಲ. ಭೂಕಂಪ ನೋಡಿಕೊಳ್ಳುವವರು ದಪ್ಪಗೆ, ಗಿಡ್ಡಗೆ ಮಾಡಿ ಅಂತಾರೆ, ಚಳಿ ನೋಡಿಕೊಳ್ಳುವವರು ತೆಳ್ಳಗೆ, ಉದ್ದಕ್ಕೆ ಅಂತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಗಾದೆ ಇದಕ್ಕೇ ಮಾಡಿಟ್ಟ ಹಾಗಿದೆ.

ಜಗಳಕ್ಕೆ ಮೂರನೆಯವರೂ ಒಬ್ಬರಿದ್ದಾರೆ. ಸ್ಟೇನ್‌ಲೆಸ್ ಸ್ಟೀಲನ್ನು ಕೋಣೆಯ ಶಾಖದಿಂದ 4 ಕೆಲ್ವಿನ್‌ಗೆ ತಂಪು ಮಾಡಿದರೆ ಅದು ಸುಮಾರು ನೂರಕ್ಕೆ 0.3ರಷ್ಟು ಕುಗ್ಗುತ್ತದೆ. ಕೇಳೋಕೆ ಏನೂ ಅಲ್ಲ. ಆದರೆ ಮಧ್ಯದಿಂದ 10 ಮೀಟರ್ ದೂರದಲ್ಲಿ ಕಾಲು ಇದ್ದರೆ, ಅದರ ತಲೆ 3 ಸೆಂಟಿಮೀಟರ್ ಒಳಕ್ಕೆ ಸರಿಯುತ್ತದೆ. ಬುಡ ಮಾತ್ರ ಇದ್ದಲ್ಲೇ ಇರುತ್ತದೆ. ಗಟ್ಟಿ ಕಂಬವನ್ನು ಹೀಗೆ 3 ಸೆಂಟಿಮೀಟರ್ ಬಾಗಿಸಿದರೆ ಕಂಬ ಸೀಳಬೇಕು, ಇಲ್ಲ ಬೋಲ್ಟ್ ಕಿತ್ತುಬರಬೇಕು. ಹಾಗಾಗಿ ಕಾಲು ಮಧ್ಯದ ಕಡೆಗೆ ಬಳುಕಲೇಬೇಕು. ಭೂಕಂಪಕ್ಕೆ ಬಗ್ಗಬಾರದು, ಚಳಿಗೆ ಬಗ್ಗಬೇಕು.

ಈಗ ಒಂದು ದಪ್ಪ ಪುಸ್ತಕ ಕೈಗೆ ತಗೊಳ್ಳಿ. ನಿಜವಾಗಲೂ ತಗೊಂಡು ನೋಡಿ, ಓದಿ ಅರ್ಥ ಮಾಡಿಕೊಳ್ಳೋದಕ್ಕಿಂತ ಬೇಗ ಆಗುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಾಗಿಸಿದರೆ ಹಾಳೆಗಳು ಒಂದರ ಮೇಲೊಂದು ಜಾರಿ ಆರಾಮಾಗಿ ಬಗ್ಗುತ್ತದೆ. ಅದೇ ದಪ್ಪದ ಮರದ ತುಂಡು ಜಪ್ಪಯ್ಯ ಅಂದರೂ ಬಗ್ಗಲ್ಲ. ಕಾರಣ ಇಷ್ಟೇ: ತಗಡಿನ ಬಿಗಿತನ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. 20 ಸೆಂಟಿಮೀಟರ್ ದಪ್ಪದ ಒಂದು ಉಕ್ಕಿನ ಫಲಕದ ಬದಲು 1 ಸೆಂಟಿಮೀಟರಿನ 20 ಫಲಕ ಪಕ್ಕಪಕ್ಕ ನಿಲ್ಲಿಸಿದರೆ, ಲೋಹ ಅಷ್ಟೇ ಇದೆ, ಭಾರ ಹೊರುವ ಅಡ್ಡಗಾತ್ರ ಅಷ್ಟೇ ಇದೆ, ಆದರೆ ಬಗ್ಗಿಸೋಕೆ ಬೇಕಾದ ಬಲ 400 ಪಟ್ಟು ಕಡಿಮೆ. ಈಗ ಅದೇ ಪುಸ್ತಕವನ್ನು ಇನ್ನೊಂದು ಕಡೆಗೆ, ಹಾಳೆಯ ಅಂಚಿನ ದಿಕ್ಕಿಗೆ ತಳ್ಳಿ ನೋಡಿ. ಒಂಚೂರೂ ಬಗ್ಗಲ್ಲ.

ಈಟರ್‌ನ ಮ್ಯಾಗ್ನೆಟ್ ಕಾಲು ಅಂದರೆ ಇದೇ ಪುಸ್ತಕ. ತೆಳು ಸ್ಟೇನ್‌ಲೆಸ್ ಸ್ಟೀಲ್ ಫಲಕಗಳ ಕಂತೆ, ನಡುವೆ ಸ್ವಲ್ಪ ಸ್ವಲ್ಪ ಜಾಗ, ಮೇಲೆ ಕೆಳಗೆ ದಪ್ಪ ಹಲಗೆಗೆ ಬಿಗಿದಿದ್ದಾರೆ. ಫಲಕದ ಅಗಲ ಮುಖ ಯಂತ್ರದ ಮಧ್ಯಕ್ಕೆ ಮುಖ ಮಾಡಿರುತ್ತದೆ. ಕಾಯಿಲ್ ಕುಗ್ಗಿದಾಗ ಕಂತೆ ಒಳಕ್ಕೆ ಬಳುಕುತ್ತದೆ. ಅಕ್ಕಪಕ್ಕಕ್ಕೆ ಮಾತ್ರ ಹಂದಾಡಲ್ಲ.

ಇಲ್ಲಿ ನಿಮಗೊಂದು ಅನುಮಾನ ಬರಬೇಕು. ಒಳಕ್ಕೂ ಹೊರಕ್ಕೂ ಬಳುಕೋ ಕಾಲನ್ನು ನಂಬಿಕೊಂಡರೆ, ಭೂಕಂಪ ಅದೇ ದಿಕ್ಕಿಗೆ ತಳ್ಳಿದಾಗ ಏನು ಗತಿ? ನನಗೆ ಇಡೀ ವಿಷಯದಲ್ಲಿ ಬಹಳ ಹಿಡಿಸಿದ ಭಾಗ ಇದೇ. ಭೂಕಂಪ ಉತ್ತರಕ್ಕೆ ತಳ್ಳಿತು ಅಂದುಕೊಳ್ಳಿ. ವೃತ್ತದ ಉತ್ತರ ತುದಿಯ ಕಾಲು, ದಕ್ಷಿಣ ತುದಿಯ ಕಾಲು, ಎರಡೂ ಪಾಪ ಬಳುಕಿಬಿಡುತ್ತವೆ, ಅವುಗಳಿಂದ ಉಪಯೋಗ ಇಲ್ಲ. ಆದರೆ ಪೂರ್ವದಲ್ಲೂ ಪಶ್ಚಿಮದಲ್ಲೂ ಇರೋ ಕಾಲುಗಳಿಗೆ ಉತ್ತರ ಅನ್ನೋದು ಹಾಳೆಯ ಅಂಚಿನ ದಿಕ್ಕು. ಅವು ಗೋಡೆಯ ಹಾಗೆ ನಿಲ್ಲುತ್ತವೆ. ನಡುವಿನ ಮೂಲೆಗಳಲ್ಲಿರೋವು ಅಷ್ಟೋ ಇಷ್ಟೋ ಕೈ ಜೋಡಿಸುತ್ತವೆ. ಎಲ್ಲ ಕೂಡಿಸಿದರೆ 18ರಲ್ಲಿ ಸರಿಯಾಗಿ 9 ಕಾಲಿನಷ್ಟು ಬಿಗಿ ಸಿಗುತ್ತದೆ, ಭೂಕಂಪ ಯಾವ ದಿಕ್ಕಿಂದ ಬಂದರೂ ಅಷ್ಟೇ ಸಿಗುತ್ತದೆ. ಎಲ್ಲರೂ ಒಟ್ಟಿಗೆ ಮಧ್ಯಕ್ಕೆ ಕುಗ್ಗುವುದಾದರೆ ಯಾರೂ ಅಡ್ಡಿ ಮಾಡಲ್ಲ. ಎಲ್ಲರೂ ಒಟ್ಟಿಗೆ ಒಂದು ಕಡೆ ಸರಿಯೋಕೆ ಹೋದರೆ ಅರ್ಧ ಜನ ಅಡ್ಡ ನಿಲ್ಲುತ್ತಾರೆ. ಒಂದೇ ಕಾಲಿನಿಂದ ಸಾಧ್ಯವಿಲ್ಲದ್ದು ಅವುಗಳನ್ನು ವೃತ್ತದಲ್ಲಿ ಜೋಡಿಸಿದ್ದರಿಂದ ಸಿಕ್ಕಿತು.

ಜಪಾನಿನ ತೋಕಿ ಊರಿನ ಎಲ್‌ಎಚ್‌ಡಿ ಎಂಬ ಫ್ಯೂಷನ್ ಯಂತ್ರದ ಕಾಲೂ ಇದೇ ಜಾತಿಯದು, ಆದರೆ ಅಲ್ಲಿ ಫಲಕಗಳನ್ನು ಮಡಚಿದ ಹಾಗೆ ಜೋಡಿಸಿ, ಸ್ಟೀಲಿನ ಜೊತೆ ನಾರು ಸೇರಿಸಿದ ಪ್ಲಾಸ್ಟಿಕ್ ಬಳಸಿದ್ದಾರೆ. ಶಾಖಕ್ಕೆ ಸ್ಟೀಲಿಗಿಂತ ಕೆಟ್ಟ ರಸ್ತೆ ಅದು, ಬೇಕಾಗಿರೋದೂ ಅದೇ.

ಇಷ್ಟಾದರೂ ಫಲಕಗಳನ್ನು ಎಷ್ಟು ಬೇಕಾದರೂ ತೆಳ್ಳಗೆ ಮಾಡೋಕಾಗಲ್ಲ. ತೆಳು ಸ್ಕೇಲನ್ನು ಮೇಜಿನ ಮೇಲೆ ನಿಲ್ಲಿಸಿ ಮೇಲಿಂದ ಒತ್ತಿದರೆ ಅದು ಫಟ್ ಅಂತ ಪಕ್ಕಕ್ಕೆ ಬಾಗಿಬಿಡುತ್ತದಲ್ಲ, ಅದೇ ಅಪಾಯ ಇಲ್ಲೂ ಇದೆ. ಭೂಕಂಪದಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಮ್ಯಾಗ್ನೆಟ್‌ನ ಭಾರದ ಮಧ್ಯಬಿಂದು ಕಾಲಿಗಿಂತ ಎಷ್ಟೋ ಮೇಲಿದೆ. ಅಡ್ಡಕ್ಕೆ ಅಲುಗಿದಾಗ ಇಡೀ ಗಂಟು ಒಂದು ಕಡೆಗೆ ವಾಲೋಕೆ ನೋಡುತ್ತದೆ. ಒಂದು ಪಕ್ಕದ ಕಾಲುಗಳ ಮೇಲೆ ಭಾರ ಏರುತ್ತದೆ, ಎದುರು ಪಕ್ಕದವು ಹಗುರಾಗುತ್ತವೆ, ಜೋರಾಗಿದ್ದರೆ ಮೇಲಕ್ಕೇ ಎಳೆಯಲ್ಪಡುತ್ತವೆ. ಅರೆ ಸೆಕೆಂಡಿನಲ್ಲಿ ಉಲ್ಟಾ. ಹಾಗಾಗಿ ಬೋಲ್ಟುಗಳು ಒತ್ತಡಕ್ಕೆ ಮಾತ್ರ ಅಲ್ಲ, ಎಳೆತಕ್ಕೂ ಸಿದ್ಧವಾಗಿರಬೇಕು.

ಬಳುಕುವ ಕಾಲಿನ ಇನ್ನೊಂದು ಬೆಲೆ ಅಂದರೆ ತೂಗಾಟದ ಲಯ. ಯಾವುದೇ ವಸ್ತುವಿಗೂ ತನ್ನದೇ ಒಂದು ಅಲುಗುವ ಲಯ ಇರುತ್ತದೆ. ಭಾರ ಹೆಚ್ಚಿದಷ್ಟೂ, ಕಾಲು ಮೆತ್ತಗಾದಷ್ಟೂ ಲಯ ನಿಧಾನ. 10,000 ಟನ್ ಗಂಟನ್ನು ಬಳುಕೋ ಕಾಲ ಮೇಲೆ ಇಟ್ಟರೆ ಆ ಲಯ ಸೆಕೆಂಡಿಗೆ ಕೆಲವೇ ಸಲಕ್ಕೆ ಇಳಿಯುತ್ತದೆ. ದುರದೃಷ್ಟ ನೋಡಿ, ಭೂಕಂಪದ ಶಕ್ತಿಯ ದೊಡ್ಡ ಪಾಲು ಇರೋದೂ ಸೆಕೆಂಡಿಗೆ ಒಂದರಿಂದ ಹತ್ತು ಸಲದ ನಡುವೆಯೇ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಮಗುವಿನ ಕೈಯೂ ಸಾಕು, ಹಾಗೆ ಲಯಕ್ಕೆ ಲಯ ಕೂಡಿದರೆ ನೆಲದ 0.3 ಪಟ್ಟು ಮೇಲೆ ಹೋಗಿ ಒಂದು ಪಟ್ಟು ದಾಟಬಹುದು. ಮೇಲಾಗಿ ಈ ಮ್ಯಾಗ್ನೆಟ್‌ಗಳು ಇರೋದು ನಿರ್ವಾತದಲ್ಲಿ, ಎಲ್ಲಾ ಗಟ್ಟಿ ಉಕ್ಕು, ಬೆಸುಗೆ, ಬೋಲ್ಟು. ಅಲುಗಾಟವನ್ನು ತಿಂದುಹಾಕೋಕೆ ಅಲ್ಲಿ ಹೆಚ್ಚೇನೂ ಇಲ್ಲ. ಗಂಟೆ ಬಾರಿಸಿದ ಹಾಗೆ, ಒಮ್ಮೆ ಶುರುವಾದರೆ ಬೇಗ ನಿಲ್ಲಲ್ಲ.

ಇದಕ್ಕೆ ಮಾಡಿರೋ ಉಪಾಯ ಮ್ಯಾಗ್ನೆಟ್‌ನಲ್ಲಿಲ್ಲ, ಕಟ್ಟಡದ ಅಡಿಯಲ್ಲಿದೆ. ಸ್ವಲ್ಪ ಹಿನ್ನೆಲೆ ಹೇಳಬೇಕು. ಈಟರ್‌ನ ಮೂಲ ವಿನ್ಯಾಸ ಮಾಡಿದಾಗ ಅದು ಯಾವ ದೇಶದಲ್ಲಿ ನಿಲ್ಲುತ್ತದೆ ಅಂತಲೇ ಗೊತ್ತಿರಲಿಲ್ಲ, ಹಾಗಾಗಿ ಎಲ್ಲಿಗಾದರೂ ಆಗಲಿ ಅಂತ ಗುರುತ್ವದ 0.2 ಪಟ್ಟಿನ ಭೂಕಂಪ ಇಟ್ಟುಕೊಂಡಿದ್ದರು. 2005ರಲ್ಲಿ ಜಪಾನಿನ ರೊಕ್ಕಾಶೋ ಬಿಟ್ಟು ಕಾದರಾಶ್ ಆಯ್ಕೆಯಾಯ್ತು. ಜಪಾನ್ ತಪ್ಪಿತಲ್ಲ, ಭೂಕಂಪದ ಕಾಟ ಇಲ್ಲ ಅಂತ ನೀವು ಅಂದುಕೊಂಡರೆ, ಅಷ್ಟು ಸುಲಭ ಅಲ್ಲ. ಅದೇ ಪ್ರೊವಾನ್ಸ್ ಸೀಮೆಯ ಲಾಂಬೆಸ್ಕ್ ಹತ್ತಿರ 1909ರ ಜೂನ್ 11ರಂದು ಆದ ಭೂಕಂಪದಲ್ಲಿ 46 ಜನ ಸತ್ತಿದ್ದರು, ಹತ್ತಿರದಲ್ಲೇ ದ್ಯುರಾನ್ಸ್ ನದಿಯುದ್ದಕ್ಕೂ ಒಂದು ಬಿರುಕು ವಲಯವೂ ಇದೆ. ಲೆಕ್ಕ 0.3ರ ಆಸುಪಾಸಿಗೆ ಬಂತು. ಯಂತ್ರವನ್ನೆಲ್ಲಾ ಮತ್ತೆ ಬಲಪಡಿಸುತ್ತಾ ಕೂರೋ ಬದಲು ಇಡೀ ಕಟ್ಟಡವನ್ನೇ ರಬ್ಬರ್ ಮೇಲೆ ಕೂರಿಸಿದರು.

ಒಟ್ಟು 493 ಪ್ಯಾಡುಗಳು. ಒಂದೊಂದೂ 90 ಸೆಂಟಿಮೀಟರ್ ಚೌಕ, ಒಳಗೆ ರಬ್ಬರ್ ಪದರ, ಉಕ್ಕಿನ ತಗಡು, ಮತ್ತೆ ರಬ್ಬರ್, ಮತ್ತೆ ತಗಡು. 1.7 ಮೀಟರ್ ಎತ್ತರದ ಕಾಂಕ್ರೀಟ್ ಕಂಬಗಳ ತಲೆಯ ಮೇಲೆ ಇವನ್ನು ಇಟ್ಟು, ಮೇಲೆ 1.5 ಮೀಟರ್ ದಪ್ಪದ ನೆಲಗಟ್ಟು ಹಾಕಿದ್ದಾರೆ. ಬರೀ ರಬ್ಬರ್ ಇಟ್ಟಿದ್ದರೆ ಭಾರಕ್ಕೆ ಉಬ್ಬಿ ಹೊರಗೆ ಬರುತ್ತಿತ್ತು. ನಡುವಿನ ತಗಡು ಉಬ್ಬೋಕೆ ಬಿಡಲ್ಲ, ಆದರೆ ಅಡ್ಡಕ್ಕೆ ಜರುಗೋಕೆ ಬಿಡುತ್ತದೆ. ಮತ್ತೆ ಅದೇ ಕಥೆ ಗಮನಿಸಿದಿರಾ? ಒಂದು ದಿಕ್ಕಿಗೆ ಗಟ್ಟಿ, ಇನ್ನೊಂದಕ್ಕೆ ಮೆತ್ತಗೆ, ಅದೂ ಪದರ ಪದರ ಮಾಡಿ. ಬಳುಕೋ ಕಾಲಿನ ಉಪಾಯವೇ ಕಟ್ಟಡದ ಗಾತ್ರಕ್ಕೆ ಬೆಳೆದಿದೆ.

ಈ ಪ್ಯಾಡುಗಳ ಮೇಲೆ ಇಡೀ ಕಟ್ಟಡದ ಅಡ್ಡ ಲಯ ಎರಡು ಸೆಕೆಂಡಿಗೆ ಒಂದು ಸಲದ ಹತ್ತಿರಕ್ಕೆ ಇಳಿಯುತ್ತದೆ. ಭೂಕಂಪ ಗಡಗಡ ಅಂತ ನಡುಗಿಸಿದರೂ ಕಟ್ಟಡ ನಿಧಾನಕ್ಕೆ ದೋಣಿಯ ಹಾಗೆ ತೇಲುತ್ತದೆ, ಮ್ಯಾಗ್ನೆಟ್‌ನ ಲಯಕ್ಕೆ ಬೇಕಾದ ತಳ್ಳು ಮೇಲಕ್ಕೆ ತಲುಪಲ್ಲ. ಆದರೆ ಇದು ಪುಕ್ಕಟೆ ಸಿಗಲ್ಲ. ಗುರುತ್ವದ 0.1 ಪಟ್ಟು ವೇಗೋತ್ಕರ್ಷ, ಸೆಕೆಂಡಿಗೆ ಐದು ಸಲ ಅಲುಗಾಡೋ ವಸ್ತು ಸರಿಯೋದು ಒಂದು ಮಿಲಿಮೀಟರ್. ಅದೇ 0.1 ಪಟ್ಟು, ಎರಡು ಸೆಕೆಂಡಿಗೊಮ್ಮೆ ಅಲುಗಾಡಿದರೆ 10 ಸೆಂಟಿಮೀಟರ್. ಬಲ ಕಡಿಮೆ ಮಾಡಿ ದೂರ ಜಾಸ್ತಿ ಮಾಡಿಕೊಂಡೆವು ಅಷ್ಟೇ. ಹಾಗಾಗಿ ತೇಲೋ ಕಟ್ಟಡಕ್ಕೂ ಸುತ್ತಲಿನ ಗೋಡೆಗೂ ನಡುವೆ ಜಾಗ ಬಿಡಬೇಕು, ಪಕ್ಕದ ಕಟ್ಟಡದಿಂದ ಬರೋ ಹೀಲಿಯಂ ಪೈಪು, ಕರೆಂಟಿನ ದಪ್ಪ ಬಸ್‌ಬಾರ್ ಎಲ್ಲವೂ ಅಷ್ಟು ದೂರ ಹಿಗ್ಗಿ ಕುಗ್ಗಬೇಕು. ಪೇಪರಿನಲ್ಲಿ ಸುಲಭವಾಗಿ ಕಾಣೋ ಈ ಪೈಪಿನ ಕೆಲಸ ನಿಜದಲ್ಲಿ ತಲೆನೋವಿನದು.

ರಬ್ಬರ್ ಪ್ಯಾಡಿನ ಉಪಾಯ ಫ್ಯೂಷನ್‌ನವರು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಫ್ರಾನ್ಸಿನದೇ ಕ್ರೂಆಸ್ ಅಣು ವಿದ್ಯುತ್ ಕೇಂದ್ರ ದಶಕಗಳಿಂದ ಇಂಥವುಗಳ ಮೇಲೆ ನಿಂತಿದೆ. 2019ರ ನವೆಂಬರ್ 11ರಂದು ಅದರ ಹತ್ತಿರದ ಲೆ ತೇಯ್ ಊರಿನಲ್ಲಿ ಭೂಕಂಪ ಆಗಿ, ತಪಾಸಣೆಗೆ ಅಂತ ಅಲ್ಲಿನ ರಿಯಾಕ್ಟರ್‌ಗಳನ್ನು ನಿಲ್ಲಿಸಿದ್ದರು.

ಒಂದು ದೌರ್ಬಲ್ಯ ಮಾತ್ರ ಉಳಿದುಬಿಡುತ್ತದೆ. ಪ್ಯಾಡು ಮೇಲೆ ಕೆಳಗಿನ ದಿಕ್ಕಿಗೆ ಗಟ್ಟಿ. ಗಟ್ಟಿ ಇರಲೇಬೇಕು, ಇಲ್ಲದಿದ್ದರೆ ಸುಮಾರು 4 ಲಕ್ಷ ಟನ್ನಿನ ಕಟ್ಟಡವನ್ನು ಹೊರೋದು ಹೇಗೆ? ಹಾಗಾಗಿ ಭೂಕಂಪದ ಲಂಬ ಕುಲುಕಾಟ ಹೆಚ್ಚುಕಡಿಮೆ ಹಾಗೇ ಮೇಲಕ್ಕೆ ಹೋಗುತ್ತದೆ. ಬಂಡೆಯಿಂದ ಕಂಬ, ಕಂಬದಿಂದ ಪ್ಯಾಡು, ಪ್ಯಾಡಿಂದ ನೆಲಗಟ್ಟು, ಅದರ ಮೇಲೆ ಕಿರೀಟದ ಆಕಾರದ ಕಾಂಕ್ರೀಟು, ಅದರ ತಲೆಯ ಮೇಲೆ ನಮ್ಮ ತೊಡೆಯ ಕೀಲಿನ ಹಾಗಿರೋ 18 ಗೋಳ ಬೇರಿಂಗು, ಆಮೇಲೆ ಕ್ರಯೋಸ್ಟಾಟ್‌ನ ಉಂಗುರ, ಕೊನೆಗೆ ನಮ್ಮ ಫಲಕದ ಕಂತೆ. ಕ್ರಯೋಸ್ಟಾಟ್ ಅಂದರೆ ಎಲ್ಲವನ್ನೂ ಮುಚ್ಚೋ 29 ಮೀಟರ್ ಎತ್ತರದ ಉಕ್ಕಿನ ಹಂಡೆ. ಅದನ್ನು ಕೊಟ್ಟದ್ದು ಭಾರತ. 1,250 ಟನ್ನಿನ ಅದರ ತಳಭಾಗವನ್ನು 2020ರ ಮೇ ತಿಂಗಳಲ್ಲಿ ಗುಂಡಿಗೆ ಇಳಿಸಿದರು. ಮ್ಯಾಗ್ನೆಟ್ ಪೂರ್ತಿ ನಿಲ್ಲೋದು ಅದರ ಮೇಲೆಯೇ.

ಕಾಲು ಮುರಿಯದಿದ್ದರೆ ಗೆದ್ದೆವು ಅಂತ ಅಲ್ಲ. ಮ್ಯಾಗ್ನೆಟ್‌ನ ಒಳಮಗ್ಗುಲಲ್ಲೇ ಪ್ಲಾಸ್ಮಾ (ಮ್ಯಾಗ್ನೆಟ್‌ಗಳು ಹಿಡಿದಿಡೋ, ಫ್ಯೂಷನ್ ನಡೆಯೋ ವಿಪರೀತ ಬಿಸಿ ಅನಿಲ) ಇರೋ ನಿರ್ವಾತ ಪಾತ್ರೆ ಇದೆ, ಅದಕ್ಕೆ ಅದರದೇ ಬೇರೆ ಕಾಲುಗಳು. ಪಾತ್ರೆ ಬಿಸಿಯಾಗಿ ಹಿಗ್ಗುತ್ತದೆ, ಮ್ಯಾಗ್ನೆಟ್ ತಣ್ಣಗಾಗಿ ಕುಗ್ಗುತ್ತದೆ, ಎರಡರ ನಡುವೆ ಬೆಳ್ಳಿಯ ಲೇಪದ 80 ಕೆಲ್ವಿನ್‌ನ ತೆಳು ಶಾಖ ಪರದೆ ಇಕ್ಕಟ್ಟಿನಲ್ಲಿ ನಿಂತಿರುತ್ತದೆ. ಭೂಕಂಪದಲ್ಲಿ ಪಾತ್ರೆ ಒಂದು ಲಯಕ್ಕೆ, ಮ್ಯಾಗ್ನೆಟ್ ಇನ್ನೊಂದು ಲಯಕ್ಕೆ ಅಲುಗಾಡುತ್ತವೆ. ಇದು ಎಡಕ್ಕೆ ಬಂದಾಗ ಅದು ಬಲಕ್ಕೆ ಹೋದರೆ? ಎರಡೂ ತಮ್ಮಷ್ಟಕ್ಕೆ ಗಟ್ಟಿಯಾಗಿದ್ದೂ ಒಂದಕ್ಕೊಂದು ಡಿಕ್ಕಿ ಹೊಡೆದರೆ ಕಥೆ ಮುಗಿಯಿತು, ಚಳಿಯ ಭಾಗಕ್ಕೆ ಬಿಸಿ ಭಾಗ ತಾಗಿದ ಹಾಗೆಯೇ. ಹಾಗಾಗಿ ವಿನ್ಯಾಸದ ಲೆಕ್ಕದಲ್ಲಿ ಎಷ್ಟು ಬಲ ಬಂತು ಅನ್ನೋದರ ಜೊತೆಗೇ ಯಾವುದರಿಂದ ಯಾವುದು ಎಷ್ಟು ದೂರ ಸರಿಯಿತು ಅನ್ನೋದನ್ನೂ ನೋಡುತ್ತಾರೆ.

ಸುರಕ್ಷತೆಯ ದೃಷ್ಟಿಯಿಂದ ಇದೇ ಮುಖ್ಯ. ಭೂಕಂಪ ಬಂದರೆ ಫ್ಯೂಷನ್ ಕ್ರಿಯೆ ತಾನಾಗೇ ನಿಂತುಹೋಗುತ್ತದೆ. 15 ಕೋಟಿ ಡಿಗ್ರಿಯ ಪ್ಲಾಸ್ಮಾ ಸ್ವಲ್ಪ ಕೆಣಕಿದರೂ ಸಾಕು, ಆರಿಹೋಗುತ್ತದೆ. ಸರಪಳಿ ಕ್ರಿಯೆ ಅನ್ನೋದು ಇಲ್ಲವೇ ಇಲ್ಲ. ಆದರೆ ಒಳಗೆ ವಿಕಿರಣ ಸೂಸೋ ಟ್ರೀಟಿಯಂ ಇದೆ, ಅದನ್ನು ಹಿಡಿದಿಡೋ ಮೊದಲ ಗೋಡೆ ಆ ನಿರ್ವಾತ ಪಾತ್ರೆಯೇ. ಮ್ಯಾಗ್ನೆಟ್ ಭೂಕಂಪದ ಆಮೇಲೆ ಕೆಲಸಕ್ಕೆ ಬರದಿದ್ದರೂ ಪರವಾಗಿಲ್ಲ ಅನ್ನಬಹುದು, ಆದರೆ ಅದು ಪಾತ್ರೆಯ ಮೇಲೆ ಬಿದ್ದು ಅದನ್ನು ಹರಿಯಬಾರದು.

ಇನ್ನೊಂದು ಕೆಟ್ಟ ಕಾಕತಾಳೀಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ಲಾಸ್ಮಾ ಹಠಾತ್ತನೆ ಕುಸಿದಾಗ ಅದರಲ್ಲಿದ್ದ ಕರೆಂಟ್ ಕೆಲವೇ ಹತ್ತಾರು ಮಿಲಿಸೆಕೆಂಡಿನಲ್ಲಿ ಪಾತ್ರೆಯ ಗೋಡೆಗೆ ನುಗ್ಗಿ, ಪಾತ್ರೆಯನ್ನು ಜೋರಾಗಿ ತಳ್ಳುತ್ತದೆ, ಅದರ ಎದುರೇಟು ಮ್ಯಾಗ್ನೆಟ್ ಮೇಲೂ ಬೀಳುತ್ತದೆ. ಭೂಕಂಪವೇ ಈ ಕುಸಿತಕ್ಕೆ ಕಾರಣ ಆಗಬಹುದಾದ್ದರಿಂದ ಎರಡನ್ನೂ ಬೇರೆ ಬೇರೆ ದಿನದ ಘಟನೆ ಅಂತ ಬಿಡೋಕಾಗಲ್ಲ, ಒಟ್ಟಿಗೆ ಕೂಡಿಸಿಯೇ ನೋಡಬೇಕು. ಜೊತೆಗೆ ಡಿ ಕಾಯಿಲ್‌ಗಳಲ್ಲಿ ತುಂಬಿಟ್ಟ ಶಕ್ತಿ 41 ಗಿಗಾಜೂಲ್, ಹೆಚ್ಚುಕಡಿಮೆ 11,000 ಯೂನಿಟ್ ಕರೆಂಟಿಗೆ ಸಮ. ಅಲುಗಾಟದಲ್ಲಿ ತಂತಿ ಕೂದಲೆಳೆಯಷ್ಟು ಜಾರಿ ಬಿಸಿಯಾದರೂ ಅದರ ಸೂಪರ್‌ಕಂಡಕ್ಟರ್ ಗುಣ ಕೆಡೋಕೆ ಸಾಕು ಅಂತಾರೆ, ಯಾಕೆಂದರೆ ಅಷ್ಟು ಚಳಿಯಲ್ಲಿ ಲೋಹಕ್ಕೆ ಶಾಖ ಹಿಡಿದಿಟ್ಟುಕೊಳ್ಳೋ ಶಕ್ತಿ ಬಹಳ ಕಡಿಮೆ. ತಂತಿಯ ಸುತ್ತಲೇ ಹರಿಯೋ ಹೀಲಿಯಂ ಅಲ್ಲಿ ಕಾಪಾಡುತ್ತದೆ. ಅದೂ ಸಾಲದೆ ಸೂಪರ್‌ಕಂಡಕ್ಟರ್ ಗುಣ ಹೋಗಿಬಿಟ್ಟರೆ, ಆ ಶಕ್ತಿಯನ್ನೆಲ್ಲಾ ದೊಡ್ಡ ರೆಸಿಸ್ಟರ್‌ಗಳಿಗೆ ಹರಿಸಿ ಬಿಸಿ ಮಾಡಿ ಕಳೆಯಬೇಕು. ನೆಲ ಅಲುಗಾಡುತ್ತಿರುವಾಗಲೂ ಆ ಸ್ವಿಚ್ಚು, ಆ ಕೇಬಲ್ಲು ಕೆಲಸ ಮಾಡಬೇಕು.

ವಿಚಿತ್ರ ಅಂದರೆ, ಕರೆಂಟ್ ಇರೋವಾಗ ಮ್ಯಾಗ್ನೆಟ್ ಭೂಕಂಪಕ್ಕೆ ಒಂದು ರೀತಿಯಲ್ಲಿ ಹೆಚ್ಚು ಸಿದ್ಧ. 40,000 ಟನ್ನಿನ ಆ ಒಳ ಒತ್ತಡ ಎಲ್ಲಾ ಕಾಯಿಲ್‌ಗಳನ್ನೂ ಕಚ್ಚಿ ಹಿಡಿದು ಒಂದೇ ಗಟ್ಟಿ ಗಂಟು ಮಾಡಿರುತ್ತದೆ. ಆರಿಸಿದಾಗ ಹಿಡಿತ ಸಡಿಲ, ಅಲುಗೋ ಲಯವೇ ಬೇರೆ. ಕಟ್ಟೋ ಹೊತ್ತಿನಲ್ಲಿ ಇನ್ನೂ ಕಷ್ಟ. ವೃತ್ತ ಪೂರ್ತಿಯಾದಾಗ ಮಾತ್ರ ಆ ಪೂರ್ವ-ಪಶ್ಚಿಮದ ಕಾಲಿನ ಉಪಾಯ ನಡೆಯೋದು. ಎರಡು ಕಾಯಿಲ್, ಪಾತ್ರೆಯ ಒಂದು ಹೋಳು ಸೇರಿದ 1,200 ಟನ್ನಿಗೂ ಮೀರಿದ ತುಂಡು ಗುಂಡಿಯಲ್ಲಿ ಒಂಟಿಯಾಗಿ ನಿಂತಿದ್ದಾಗ ಅದರ ಪಕ್ಕ ಯಾರೂ ಇಲ್ಲ. ಅದಕ್ಕೆ ತಾತ್ಕಾಲಿಕ ಊರುಗೋಲು ಕೊಡಬೇಕು, ಆ ಊರುಗೋಲನ್ನೂ ಭೂಕಂಪಕ್ಕೆ ಲೆಕ್ಕ ಹಾಕಬೇಕು.

ಮುಂದಿನ ಯಂತ್ರಗಳಲ್ಲಿ ಈ ಜಗಳ ತಣ್ಣಗಾಗಬಹುದಾ? ಸ್ವಲ್ಪ ಮಟ್ಟಿಗೆ ಹೌದು ಅನ್ನಿಸುತ್ತದೆ. ಹೊಸ ಬಗೆಯ ಸೂಪರ್‌ಕಂಡಕ್ಟರ್ ಟೇಪಿನಲ್ಲಿ ಮಾಡಿದ ಮ್ಯಾಗ್ನೆಟ್ 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ 20 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಮುಟ್ಟಿತು. ಕಾಂತಕ್ಷೇತ್ರ ಜಾಸ್ತಿಯಾದರೆ ಯಂತ್ರ ಚಿಕ್ಕದಾಗಬಹುದು, ಚಿಕ್ಕದಾದರೆ ಹಗುರ, ಹಗುರಾದರೆ ಭೂಕಂಪದ ತಳ್ಳೂ ಕಡಿಮೆ. ಒಳಗಿನ ಒತ್ತಡ ಮಾತ್ರ ಭಯಂಕರ, 20 ಟೆಸ್ಲಾದಲ್ಲಿ ವಾತಾವರಣದ ಒತ್ತಡದ ಸುಮಾರು 1,600 ಪಟ್ಟು, ಈಟರ್‌ನ 11.8 ಟೆಸ್ಲಾದಲ್ಲಿ ಅದು 550 ಪಟ್ಟಿಗೆ ನಿಲ್ಲುತ್ತದೆ. ಆದರೆ ಅದು ಮತ್ತೆ ಒಳಗೊಳಗೇ ತೀರೋ ಬಲ, ಕಾಲಿಗೆ ಬರಲ್ಲ. ಮೇಲಾಗಿ ಈ ಟೇಪು 20 ಕೆಲ್ವಿನ್‌ನಲ್ಲೇ ಕೆಲಸ ಮಾಡುತ್ತದೆ. ಅಲ್ಲಿ ಒಂದು ವ್ಯಾಟ್ ಶಾಖ ತೆಗೆಯೋಕೆ ಸಿದ್ಧಾಂತದ ಲೆಕ್ಕ 66ರ ಬದಲು 14 ವ್ಯಾಟ್. ಅಂದರೆ ಕಾಲಿಗೆ ಇನ್ನೊಂದಿಷ್ಟು ಉಕ್ಕು ಹಾಕೋಕೆ ಚಳಿಯವರು ಒಪ್ಪಬಹುದು.

ಮೂರನೆಯವನು ಮಾತ್ರ ಜಗ್ಗಲ್ಲ. ಉಕ್ಕಿನ ಕುಗ್ಗುವಿಕೆ ಹೆಚ್ಚೂಕಡಿಮೆ ಪೂರ್ತಿ ಆಗಿಹೋಗೋದು 50 ಕೆಲ್ವಿನ್ ತಲುಪೋ ಹೊತ್ತಿಗೇ. 4ಕ್ಕೆ ಹೋದರೂ ಅಷ್ಟೇ, 20ಕ್ಕೆ ನಿಂತರೂ ಅಷ್ಟೇ, ಆ ನೂರಕ್ಕೆ 0.3 ತಪ್ಪಿದ್ದಲ್ಲ. ಹಾಗಾಗಿ ಕಂತೆಗೆ ಇನ್ನಷ್ಟು ಹಾಳೆ ಸೇರಿಸಬಹುದು, ಆದರೆ ಎಲ್ಲವನ್ನೂ ಬೆಸೆದು ಗಟ್ಟಿ ಕಂಬ ಮಾಡೋಕೆ ಆಗಲೂ ಆಗಲ್ಲ.